ಗುರಿಗಿಂತ ಮೊದಲು ಗೆರೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಟಕರು ನನಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಿ ಎಂದಿದ್ದರು. ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಿಂದ ಅದನ್ನು ನಿರೀಕ್ಷಿಸುವುದು ಸಹಜವೇ. ಆದರೆ ಹಳೆಯ ವಿದ್ಯಾರ್ಥಿ ಸಂಘದ ಕಳೆದ ಸಭೆಯಲ್ಲಿ ಬಂದ ಒಂದು ಪ್ರಸ್ತಾಪದಿಂದಾಗಿ ನಾನು ವಿಷಯ ಬದಲಿಸಿಕೊಂಡಿದ್ದೇನೆ. ಐವತ್ತು ವರ್ಷದ ನೆನಪಿಗೆ ಶಾಲೆಗೆ ನಾಲ್ಕು ಏರ್ ರೈಫಲ್ ಕೊಡಿಸೋಣ, ಹಳೆಯ ಸಭಾಭವನದಲ್ಲಿ ಹತ್ತು ಮೀಟರಿನ ಶೂಟಿಂಗ್ ರೇಂಜ್ ಮಾಡೋಣ ಎಂಬುದು ಆ ಪ್ರಸ್ತಾಪ. ನಾನು ಕೆಲವು ವರ್ಷಗಳಿಂದ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ವಾರದ ಕೊನೆಗೆ ಏರ್ ರೈಫಲ್ ಅಭ್ಯಾಸ ಮಾಡುತ್ತೇನೆ, ಅಲ್ಲಿನ ಸ್ಪರ್ಧೆಗಳಲ್ಲಿ ಮೇಲ್ವಿಚಾರಕರಿಗೆ ಸಹಾಯಕನಾಗಿ ನಿಲ್ಲುತ್ತೇನೆ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರು. ಫೋನಿನಲ್ಲಿ ಹೌದು ಅಥವಾ ಬೇಡ ಎಂದು ಹೇಳಿ ಮುಗಿಸುವ ವಿಷಯ ಇದಲ್ಲ. ಮಕ್ಕಳನ್ನು ಈ ಶಾಲೆಗೆ ಕಳಿಸುವ ತಂದೆತಾಯಿಗಳ ಎದುರೇ ಹೇಳಬೇಕು ಎನಿಸಿತು.

ಈ ಆಸೆ ಎಲ್ಲಿಂದ ಬಂತು ಎಂಬುದು ಮಕ್ಕಳಿಗೆ ಗೊತ್ತು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ಬಂದ ಆರು ಪದಕಗಳಲ್ಲಿ ಮೂರು ಶೂಟಿಂಗಿನವು. ಮನು ಭಾಕರ್ ಒಬ್ಬರೇ ಎರಡರಲ್ಲಿ ಪಾಲುದಾರರು. ಎತ್ತರ, ತೂಕ, ಓಟದ ವೇಗ ಯಾವುದೂ ಅಡ್ಡಿಯಾಗದ ಆಟ ಇದು. ಹತ್ತು ಮೀಟರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಅದಕ್ಕೆ ಬೇಕಾದದ್ದು ಉಸಿರಿನ ಹಿಡಿತ ಮತ್ತು ತಾಳ್ಮೆ. ನಮ್ಮ ಊರಿನ ಮಕ್ಕಳಿಗೆ ಎರಡೂ ಇವೆ. ಆದ್ದರಿಂದ ಆಸೆ ತಪ್ಪಲ್ಲ.

ಈ ಶಾಲೆಯ ಪ್ರತಿ ಬೀಳ್ಕೊಡುಗೆ ಸಭೆಯಲ್ಲೂ ನಾವು ಕೇಳಿದ ಮಾತೊಂದಿದೆ: ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು. ಶೂಟಿಂಗ್ ರೇಂಜಿನಲ್ಲಿ ಈ ಮಾತು ಅಕ್ಷರಶಃ ನಿಜ. ಗುರಿಹಲಗೆ ಮುಂದೆ ಇರುತ್ತದೆ, ತರಬೇತುದಾರರು ಹಿಂದೆ ಇರುತ್ತಾರೆ. ಆದರೆ ಅಲ್ಲಿ ಮೂರನೆಯದೂ ಒಂದಿದೆ. ಗುರಿಗೂ ಗುರುವಿಗೂ ನಡುವೆ, ನೆಲದ ಮೇಲೆ ಎಳೆದ ಗೆರೆ. ಗುಂಡು ಹಾರುವ ಹೊತ್ತಿನಲ್ಲಿ ಆ ಗೆರೆಯ ಆಚೆ ಯಾರೂ ಇರಬಾರದು. ಗೆರೆಯ ಆಚೆ ಯಾರಾದರೂ ಇದ್ದರೆ ಈಚೆ ಇರುವವರು ರೈಫಲನ್ನು ಮುಟ್ಟಲೂ ಬಾರದು. ಶೂಟಿಂಗ್ ಕಲಿಯಲು ಹೋದವರಿಗೆ ಮೊದಲು ಕಲಿಸುವುದು ಈ ಗೆರೆಯನ್ನು. ಗುರಿ ಹಿಡಿಯುವುದು ಆಮೇಲೆ.

ಯಾಕೆ ಎಂದು ತಿಳಿಯಲು ನಾಲ್ಕು ಘಟನೆಗಳನ್ನು ನಿಮ್ಮ ಮುಂದಿಡುತ್ತೇನೆ. ಯಾರನ್ನೂ ದೂರುವುದಕ್ಕಲ್ಲ. ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ, ಅದಕ್ಕಾಗಿ.

ಮೊದಲನೆಯದು ನಮ್ಮದೇ ಜಿಲ್ಲೆಯದು. 2025ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಒಂದು ಹಳ್ಳಿಯಲ್ಲಿ, ತೋಟಕ್ಕೆ ಬರುವ ಮಂಗಗಳನ್ನು ಓಡಿಸಲು ಇಟ್ಟಿದ್ದ ಏರ್‌ಗನ್ ಮಕ್ಕಳ ಕೈಗೆ ಸಿಕ್ಕಿತು. ಅದು ಸಿಡಿದು ಒಂಬತ್ತು ವರ್ಷದ ಹುಡುಗ ತೀರಿಕೊಂಡ. ಪತ್ರಿಕೆಯಲ್ಲಿ ಓದಿದವರು ನಿಮ್ಮಲ್ಲಿ ಇದ್ದೀರಿ.

ಎರಡನೆಯದು ಕೇರಳದ ಪಾಲಾದಲ್ಲಿ, 2019ರ ಅಕ್ಟೋಬರಿನಲ್ಲಿ, ರಾಜ್ಯ ಜೂನಿಯರ್ ಕ್ರೀಡಾಕೂಟದಲ್ಲಿ ನಡೆದದ್ದು. ಜಾವೆಲಿನ್ ಎಸೆತ ಮತ್ತು ಹ್ಯಾಮರ್ ಎಸೆತ ಒಂದೇ ಬಯಲಿನಲ್ಲಿ ಒಂದೇ ಹೊತ್ತಿಗೆ ನಡೆದಿದ್ದವು. ಸ್ವಯಂಸೇವಕನಾಗಿ ನಿಂತಿದ್ದ ಶಾಲಾ ಹುಡುಗ ಬಿದ್ದ ಜಾವೆಲಿನ್ ತರಲು ಹೋದ. ಆಚೆಯಿಂದ ಬಂದ ಮೂರು ಕಿಲೋದ ಹ್ಯಾಮರ್ ತಲೆಗೆ ಬಡಿಯಿತು. ಎರಡು ವಾರ ಕಳೆದ ಮೇಲೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟ.

ಮೂರನೆಯದು ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ, 2012ರ ಆಗಸ್ಟಿನಲ್ಲಿ. ಎಷ್ಟೋ ವರ್ಷ ಅನುಭವವಿದ್ದ 74 ವಯಸ್ಸಿನ ತೀರ್ಪುಗಾರರೊಬ್ಬರು ದೂರ ಅಳೆಯಲು ಬಯಲಿಗೆ ಇಳಿದರು. ಜಾವೆಲಿನ್ ಇನ್ನೂ ಗಾಳಿಯಲ್ಲೇ ಇತ್ತು. ಅದು ಅವರ ಕುತ್ತಿಗೆಗೆ ನಾಟಿತು, ಅವರು ಬದುಕಲಿಲ್ಲ.

ನಾಲ್ಕನೆಯದು ದೇಶದ ದೊಡ್ಡ ಶೂಟಿಂಗ್ ರೇಂಜುಗಳಲ್ಲಿ ಒಂದಾದ ದಿಲ್ಲಿಯ ಕರಣಿ ಸಿಂಗ್ ರೇಂಜಿನದು. 2025ರ ಮೇ ತಿಂಗಳ ಕೊನೆಗೆ ಪಿಸ್ತೂಲ್ ಶೂಟರ್ ಒಬ್ಬರು ತಮ್ಮ ಏರ್ ಪಿಸ್ತೂಲಿನ ಸಿಲಿಂಡರಿಗೆ ಗಾಳಿ ತುಂಬುತ್ತಿದ್ದರು. ಸಿಲಿಂಡರ್ ಸಿಡಿದು ಎಡಗೈ ಹೆಬ್ಬೆರಳು ಹೋಯಿತು.

ಈಗ ಮಕ್ಕಳೇ, ಒಂದು ಪ್ರಶ್ನೆ. ಈ ನಾಲ್ಕರಲ್ಲಿ ಗುರಿ ತಪ್ಪಿ ಆದದ್ದು ಯಾವುದು? ಒಂದೂ ಅಲ್ಲ. ಒಂದು, ಕೆಲಸ ಮುಗಿಸಿ ಇಟ್ಟ ಮೇಲೆ ಆದದ್ದು. ಒಂದು, ಬಿದ್ದದ್ದನ್ನು ಹೆಕ್ಕಿ ತರುವಾಗ. ಇನ್ನೊಂದು ಅಳೆಯಲು ಹೋದಾಗ, ಮತ್ತೊಂದು ಆಟಕ್ಕೆ ಸಿದ್ಧತೆ ಮಾಡುವಾಗ. ಗುರಿ ಹಿಡಿದು ನಿಂತಾಗ ಎಲ್ಲರ ಕಣ್ಣೂ ಅಲ್ಲೇ ಇರುತ್ತದೆ, ಎಲ್ಲರೂ ಎಚ್ಚರವಾಗಿರುತ್ತಾರೆ. ಅಪಾಯ ಬರುವುದು ಆಟದ ನಡುನಡುವೆ, ನಾವು ಲೆಕ್ಕಕ್ಕೇ ಹಿಡಿಯದ ಹೊತ್ತಿನಲ್ಲಿ.

ಗುರಿ ತಪ್ಪಿ ಅನಾಹುತ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. 2007ರಲ್ಲಿ ರೋಮಿನ ದೊಡ್ಡ ಕೂಟದಲ್ಲಿ ಫಿನ್ಲೆಂಡಿನ ವಿಶ್ವಮಟ್ಟದ ಎಸೆತಗಾರ ಟೆರೊ ಪಿಟ್ಕಾಮಾಕಿ ಎಸೆದ ಜಾವೆಲಿನ್ ಓರೆಯಾಗಿ ಹೋಗಿ, ಆಚೆ ತನ್ನ ಸರದಿಗೆ ಕಾಯುತ್ತಿದ್ದ ಫ್ರಾನ್ಸಿನ ಉದ್ದಜಿಗಿತಗಾರ ಸಲೀಂ ಸದಿರಿಯ ಪಕ್ಕೆಗೆ ಚುಚ್ಚಿತು. ಅಷ್ಟು ದೊಡ್ಡ ಆಟಗಾರನ ಕೈಯೂ ಜಾರುತ್ತದೆ. ಆದ್ದರಿಂದಲೇ ಸುರಕ್ಷತೆಯನ್ನು ಆಟಗಾರನ ಕೈಚಳಕಕ್ಕೆ ಬಿಡಬಾರದು. ಅವನ ಕೈ ಜಾರಿದರೂ ಇನ್ನೊಬ್ಬನಿಗೆ ತಾಗದ ಹಾಗೆ ಜಾಗವನ್ನೇ ಸಿದ್ಧಮಾಡಬೇಕು. ನನ್ನ ಕಚೇರಿಯಲ್ಲೂ ಇದೇ ಪದ್ಧತಿ. ಎಷ್ಟೇ ಜಾಣನಾದರೂ ತಾನು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ನೋಡದೆ ಚಾಲೂ ಮಾಡುವಂತಿಲ್ಲ. ಅದು ಅವನ ಮೇಲಿನ ಅಪನಂಬಿಕೆ ಅಲ್ಲ. ಮನುಷ್ಯನಿಗೆ ಒಂದಲ್ಲ ಒಂದು ದಿನ ಕಣ್ಣು ತಪ್ಪುತ್ತದೆ ಎಂಬ ತಿಳಿವಳಿಕೆ.

ರೇಂಜಿನಲ್ಲಿ ಜಾಗವನ್ನು ಸಿದ್ಧಮಾಡುವುದು ಹೇಗೆ? ನಾನು ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳುತ್ತೇನೆ. ಒಂದು ಗೆರೆ, ಒಂದು ದನಿ, ಎಲ್ಲರಿಗೂ ಒಂದು ಹಕ್ಕು.

ಗೆರೆಯ ವಿಷಯ ಆಗಲೇ ಹೇಳಿದೆ. ಅದರ ಜೊತೆಗೆ ಕೆಲವು ಕಟ್ಟಳೆಗಳಿವೆ. ರೈಫಲ್ ಖಾಲಿ ಇದೆ ಎಂದು ನೂರು ಸಲ ಗೊತ್ತಿದ್ದರೂ ಅದು ತುಂಬಿದೆ ಎಂದೇ ತಿಳಿದು ನಡೆಯಬೇಕು. ನಳಿಗೆಯ ಬಾಯಿ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಗುರಿ ಹಿಡಿಯುವ ತನಕ ಬೆರಳು ಕುದುರೆಯ ಮೇಲೆ ಹೋಗಬಾರದು. ಕುದುರೆ ಅಂದರೆ ನಾವು ಟ್ರಿಗರ್ ಎನ್ನುತ್ತೇವಲ್ಲ, ಅದು. ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಹಾರಿಸಬಾರದು. ಗುಂಡು ಹಾರಿಸದ ಹೊತ್ತಿನಲ್ಲಿ ನಳಿಗೆಯೊಳಗೆ ಕಣ್ಣಿಗೆ ಹೊಡೆಯುವ ಬಣ್ಣದ ಒಂದು ಉದ್ದನೆಯ ದಾರ ತೂರಿಸಿರಬೇಕು. ಸೇಫ್ಟಿ ಫ್ಲ್ಯಾಗ್ ಎಂದು ಅದರ ಹೆಸರು. ದಾರ ಈ ತುದಿಯಿಂದ ಆ ತುದಿಗೆ ಬಂದಿದ್ದರೆ ಒಳಗೆ ಗುಂಡು ಉಳಿದಿಲ್ಲ ಎಂದು ದೂರದಲ್ಲಿ ನಿಂತವರಿಗೂ ಕಾಣುತ್ತದೆ. ಖಾಲಿ ಇದೆ ಎಂದು ಬಾಯಲ್ಲಿ ಹೇಳಿದರೆ ಅಲ್ಲಿ ಯಾರೂ ಒಪ್ಪುವುದಿಲ್ಲ. ಕಣ್ಣಿಗೆ ತೋರಿಸಬೇಕು.

ಎರಡನೆಯದು ಒಂದು ದನಿ. ಸ್ಪರ್ಧೆಯಲ್ಲಿ ಮೇಲ್ವಿಚಾರಕ ಲೋಡ್ ಎಂದ ಮೇಲೆಯೇ ಗುಂಡು ತುಂಬಬೇಕು, ಸ್ಟಾರ್ಟ್ ಎಂದ ಮೇಲೆಯೇ ಹಾರಿಸಬೇಕು. ಸ್ಟಾಪ್ ಎಂದರೆ ಆ ಕ್ಷಣವೇ ನಿಲ್ಲಿಸಬೇಕು, ಅನ್‌ಲೋಡ್ ಎಂದರೆ ಖಾಲಿ ಮಾಡಬೇಕು. ಸ್ಟಾಪ್ ಎಂದ ಮೇಲೆ ಹಾರಿಸಿದವನನ್ನು ಸ್ಪರ್ಧೆಯಿಂದಲೇ ಹೊರಗೆ ಹಾಕಬಹುದು, ಅವನು ಎಷ್ಟೇ ದೊಡ್ಡ ಹೆಸರಿನವನಾಗಿರಲಿ. ಇದು ನಮಗೆ ಹೊಸತಲ್ಲ. ಯಕ್ಷಗಾನದಲ್ಲಿ ಎಷ್ಟೇ ಹೆಸರಾಂತ ವೇಷಧಾರಿ ಇದ್ದರೂ ಭಾಗವತರು ಪದ ಎತ್ತಿಕೊಳ್ಳದೆ ಹೆಜ್ಜೆ ಹಾಕುವುದಿಲ್ಲ. ಹೊನ್ನಾವರದಲ್ಲಿ ಶರಾವತಿಯ ಅಳಿವೆ ದಾಟುವಾಗ ದೋಣಿಯಲ್ಲಿ ನಾಲ್ಕು ಜನ ನಾಲ್ಕು ದಿಕ್ಕು ಹೇಳಿದರೆ ಏನಾಗುತ್ತದೆ ಎಂದು ಇಲ್ಲಿ ಕುಳಿತಿರುವ ಮೀನುಗಾರ ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ತಾಂಡೇಲನ ಮಾತೇ ಮಾತು.

ಮೂರನೆಯದು ಹಕ್ಕು. ಇದು ನಮ್ಮಲ್ಲಿ ಬಹಳ ಕಷ್ಟ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾರಿಸು ಎಂದು ಹೇಳುವ ಅಧಿಕಾರ ಒಬ್ಬರಿಗೆ ಮಾತ್ರ. ಆದರೆ ನಿಲ್ಲಿಸಿ ಎಂದು ಕೂಗುವ ಹಕ್ಕು ಅಲ್ಲಿರುವ ಎಲ್ಲರಿಗೂ ಇದೆ. ಹೊಸದಾಗಿ ಸೇರಿದ ಹುಡುಗನಿಗೂ ಇದೆ, ನೋಡಲು ಬಂದ ತಾಯಿಗೂ ಇದೆ, ಕಸ ಗುಡಿಸುವ ಅಮ್ಮನಿಗೂ ಇದೆ.

ನಮ್ಮ ಕ್ಲಬ್ಬಿನ ಒಂದು ಸ್ಪರ್ಧೆಯಲ್ಲಿ ಹೀಗಾಯಿತು. ಕೊನೆಯ ಸಾಲಿನ ಗುರಿಯಂತ್ರ ಕೆಟ್ಟಿತೆಂದು ಒಬ್ಬ ಹಿರಿಯರು ಬದಿಯ ಬಾಗಿಲಿನಿಂದ ಒಳಗೆ ಹೊರಟರು. ಮೇಲ್ವಿಚಾರಕರು ಆಗ ಇನ್ನೊಂದು ತುದಿಯಲ್ಲಿದ್ದರು. ಏಳನೇ ತರಗತಿಯ ಒಬ್ಬ ಹುಡುಗಿ ಸ್ಟಾಪ್ ಎಂದು ಕಿರುಚಿದಳು. ಎಲ್ಲರೂ ರೈಫಲ್ ಕೆಳಗಿಟ್ಟರು. ಹಿರಿಯರು ಗೆರೆ ದಾಟಿರಲಿಲ್ಲ, ಬಾಗಿಲ ಹತ್ತಿರವೇ ಇದ್ದರು. ಏನೂ ಆಗಲಿಲ್ಲ. ಮೇಲ್ವಿಚಾರಕರು ಬಂದು ಎಲ್ಲರೆದುರು ಆ ಹುಡುಗಿಗೆ ಧನ್ಯವಾದ ಹೇಳಿದರು, ಕಳೆದುಹೋದ ಸಮಯವನ್ನು ಆಟಗಾರರಿಗೆ ಮರಳಿ ಕೊಟ್ಟರು. ಅವಳಿಗೆ ಯಾರೂ ಸುಮ್ಮನೆ ಗಡಿಬಿಡಿ ಮಾಡಿದೆ ಎನ್ನಲಿಲ್ಲ. ಒಂದು ಮಗು ಹತ್ತು ಸಲ ಕಾರಣವಿಲ್ಲದೆ ಕೂಗಿದರೂ ಬೈಯಬಾರದು. ಬೈದರೆ ಹನ್ನೊಂದನೆಯ ಸಲ, ನಿಜವಾಗಿ ಬೇಕಾದಾಗ, ಅದು ಕೂಗುವುದಿಲ್ಲ.

ನಮ್ಮ ಊರಿನಲ್ಲಿ ಹಿರಿಯರು ಮಾತಾಡುವಾಗ ಚಿಕ್ಕವರು ಬಾಯಿ ಹಾಕಬಾರದು ಎಂದು ಕಲಿಸುತ್ತೇವೆ. ಮಾಸ್ತರಿಗೆ, ಅಕ್ಕೋರಿಗೆ ಎದುರಾಡಬಾರದು ಎಂದು ಹೇಳುತ್ತೇವೆ. ಅದು ಒಳ್ಳೆಯದೇ. ಆದರೆ ಅದಕ್ಕೆ ಒಂದು ಹೊರತು ಇರಲಿ. ಬಯಲಿನಲ್ಲಿ ಜಾವೆಲಿನ್ ಕೈಯಲ್ಲಿರುವಾಗ, ಮನೆಯಲ್ಲಿ ಕೋವಿ ಕೈಯಲ್ಲಿರುವಾಗ, ಮಗು ನಿಲ್ಲಿಸಿ ಎಂದರೆ ಅಜ್ಜನೂ ನಿಲ್ಲಿಸಬೇಕು, ಹೆಡ್ ಮಾಸ್ತರೂ ನಿಲ್ಲಿಸಬೇಕು. ನಿಲ್ಲಿಸಿದ ಮೇಲೆ ಯಾಕೆ ಎಂದು ಕೇಳಬೇಕು. ಕೇಳಿದ ಮೇಲೆ ನಿಲ್ಲಿಸುವುದಲ್ಲ.

ಕೋವಿ ಎಂದೆ. ಈ ಮಾತು ಮನೆಗೂ ಬರಬೇಕು. ಗುಡ್ಡದ ಬುಡದ ಊರುಗಳಲ್ಲಿ ಕಾಡುಹಂದಿ, ಮಂಗಗಳ ಕಾಟಕ್ಕೆ ಪರವಾನಗಿ ಪಡೆದ ಕೋವಿಗಳಿವೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮನೆಗೆ ತರುತ್ತೇವೆ. ಕೇಪಿನ ಕೋವಿಗೆ ಮದ್ದು, ಚರೆ ಜಡಿದರೆ ಅದನ್ನು ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ಹಾಗಾಗಿ ತುಂಬಿದ ಕೋವಿಯನ್ನೇ ಗೋಡೆಗೆ ನೇತುಹಾಕುವ ರೂಢಿ ಕೆಲವರಲ್ಲಿದೆ. ಕೇಪು ತೆಗೆದಿದ್ದೇನೆ, ಹೆದರಬೇಡಿ ಎನ್ನುತ್ತಾರೆ. ಕೇಪು ತೆಗೆದದ್ದು ಅವರಿಗೆ ಗೊತ್ತು, ಮನೆಯ ಮಗುವಿಗೆ ಏನು ಗೊತ್ತು?

ಏರ್‌ಗನ್ನಿನ ವಿಷಯ ಇನ್ನೂ ಸೂಕ್ಷ್ಮ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್ ಶಕ್ತಿ ಮತ್ತು 4.5 ಮಿಲಿಮೀಟರ್ ನಳಿಗೆ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ಪರವಾನಗಿ ಬೇಡ ಎಂದಮೇಲೆ ಅದು ಆಟಿಕೆ ಎಂದು ನಾವು ತಿಳಿದುಬಿಡುತ್ತೇವೆ. 20 ಜೌಲ್ ಎಂದರೆ ಎಷ್ಟು? ಎರಡು ಕಿಲೋದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಾಗ ಹೆಚ್ಚುಕಡಿಮೆ ಅಷ್ಟು ಶಕ್ತಿ. ಕಲ್ಲಾದರೆ ಅಂಗೈಯಗಲಕ್ಕೆ ಬಡಿಯುತ್ತದೆ. ಏರ್‌ಗನ್ನಿನ ಗುಂಡು ಅಷ್ಟನ್ನೂ ತೊಗರಿಬೇಳೆಯಗಲದ ಜಾಗಕ್ಕೆ ಇಳಿಸುತ್ತದೆ. ಸ್ಪರ್ಧೆಯ ಏರ್ ರೈಫಲ್‌ಗಳ ಶಕ್ತಿ ಇದರ ಅರ್ಧಕ್ಕೂ ಕಡಿಮೆ. ಆದರೂ ಅವುಗಳ ಅರ್ಧ ಗ್ರಾಂ ತೂಕದ ಸೀಸದ ಗುಂಡು ಸೆಕೆಂಡಿಗೆ ಸುಮಾರು 170 ಮೀಟರ್, ಅಂದರೆ ಗಂಟೆಗೆ 600 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಕಣ್ಣಿಗೆ, ಕುತ್ತಿಗೆಗೆ, ಎಳೆಯ ಮಗುವಿನ ಎದೆಗೆ ಅದು ಆಟಿಕೆಯಲ್ಲ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದು ಇಷ್ಟೆ. ಕೋವಿಯಾಗಲಿ ಏರ್‌ಗನ್ ಆಗಲಿ, ಖಾಲಿ ಮಾಡಿಯೇ ಒಳಗೆ ತರಬೇಕು. ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು. ಗುಂಡುಮದ್ದು ಬೇರೆ ಜಾಗದಲ್ಲಿ, ಬೇರೆ ಬೀಗದಲ್ಲಿ ಇರಬೇಕು. ತೋಟದ ಕೆಲಸದವರ ಮನೆಯಲ್ಲಿ ಇಡುವುದಾದರೂ ಈ ಕ್ರಮವೇ. ಅವರ ಮನೆಯ ಮಕ್ಕಳೂ ಮಕ್ಕಳೇ.

ಇನ್ನೊಂದು ಮಾತು ಕೆಲವು ಸ್ನೇಹಿತರಿಂದ ಬಂದಿದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ, ನಮ್ಮಲ್ಲಿ ತೆಂಗೂ ಇದೆ ಕೋವಿಯೂ ಇದೆ, ಮಹೋತ್ಸವದ ನೆನಪಿಗೆ ನಾವೂ ವರ್ಷಕ್ಕೊಮ್ಮೆ ಮಾಡೋಣ ಎಂದು. ಕೊಡಗಿನದು ಅವರ ಪರಂಪರೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿಯೇ ಇದೆ. ನಮ್ಮ ಕೋವಿಗಳ ಪರವಾನಗಿ ಬೆಳೆ ರಕ್ಷಣೆಗೆ ಕೊಟ್ಟದ್ದು, ಪಂದ್ಯಕ್ಕಲ್ಲ. ಅದಕ್ಕಿಂತ ದೊಡ್ಡ ಕಾರಣ ನಮ್ಮ ನೆಲ. ಒಂದು ಕಡೆ ಘಟ್ಟ, ಒಂದು ಕಡೆ ಕಡಲು, ನಡುವಿನ ಕಿರಿದಾದ ಪಟ್ಟಿಯಲ್ಲಿ ಮನೆಗೆ ಮನೆ ಹೊಂದಿಕೊಂಡಿವೆ. ಸಣ್ಣದು ಎನಿಸುವ .22 ರೈಫಲಿನ ಗುಂಡು ಕೂಡ ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗುತ್ತದೆ. ಕಾಯಿ ತಪ್ಪಿದ ಗುಂಡು ಯಾರ ಹಿತ್ತಲಿಗೆ ಬೀಳುತ್ತದೆ?

ಗುರಿಯ ಹಿಂದೆ ಏನಿದೆ ಎಂಬ ಪ್ರಶ್ನೆಗೆ ನಮ್ಮ ಕಣ್ಣೆದುರೇ ಒಂದು ಉದಾಹರಣೆ ಇದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಕಡಲಲ್ಲಿ ನಿಂತಿರುವ ನೇತ್ರಾಣಿ ಗುಡ್ಡ. ಈಗಿನ ಮಕ್ಕಳಿಗೆ ಅದು ಸ್ಕೂಬಾ ಡೈವಿಂಗಿನ ಜಾಗ. ಆದರೆ ನಮ್ಮ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿಕೊಂಡ ದ್ವೀಪವೂ ಹೌದು. ಸಿಡಿಗುಂಡುಗಳ ಅವಶೇಷಗಳು ಅಲ್ಲಿ ಕಂಡಿವೆ. ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ಜಾಗ, ಇಲ್ಲಿ ಅಭ್ಯಾಸ ಬೇಡ ಎಂದು ಪರಿಸರದ ಬಗ್ಗೆ ಕಾಳಜಿ ಇರುವವರು ಒತ್ತಾಯಿಸಿದರು. ದೇಶ ಕಾಯುವವರಿಗೆ ಅಭ್ಯಾಸ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತೋಪಿನ ಹಿಂದೆ ನಿಂತವರಿಗೆ ಗುರಿಯಾಗಿ ಕಂಡದ್ದು ಮೀನುಗಾರರಿಗೆ ಬಲೆ ಬೀಸುವ, ಪೂಜೆಗೆ ಹೋಗುವ ಜಾಗ, ಹದ್ದಿಗೆ ಮನೆ. ಯಾವುದೇ ಜಾಗವನ್ನು ಗುರಿ ಎಂದು ಗುರುತಿಸುವ ಮೊದಲು ಅದು ಇನ್ನು ಯಾರಿಗೆ ಏನಾಗಿದೆ ಎಂದು ಕೇಳಬೇಕು.

ಆ ಪ್ರಶ್ನೆಯನ್ನು ಈಗ ನಮ್ಮ ಶಾಲೆಯ ಬಯಲಿಗೇ ಕೇಳೋಣ. ಈ ಬಯಲು ಮಕ್ಕಳಿಗೆ ಆಟದ ಅಂಗಳ. ಆಚೆ ಕೇರಿಯವರಿಗೆ ಬಸ್ ಸ್ಟಾಪಿಗೆ ಹೋಗುವ ಹತ್ತಿರದ ದಾರಿ. ಸಂಜೆ ಗದ್ದೆಯಿಂದ ದನ ಹೊಡೆದುಕೊಂಡು ಬರುವವರಿಗೂ ಇದೇ ದಾರಿ. ವಲಯ ಮಟ್ಟದ ಕ್ರೀಡಾಕೂಟ ನಡೆದಾಗ ಒಂದು ಮೂಲೆಯಲ್ಲಿ ಗುಂಡು ಎಸೆತ, ಇನ್ನೊಂದು ಮೂಲೆಯಲ್ಲಿ ಚಕ್ರ ಎಸೆತ, ನಡುವೆ ಕಬಡ್ಡಿ, ಸುತ್ತ ಓಟ. ಸಂಜೆಯೊಳಗೆ ಎಲ್ಲ ಮುಗಿಯಬೇಕು ಎಂಬ ಅವಸರ. ಚಕ್ರ ಹೆಕ್ಕಿ ತರಲು ಎಂಟನೇ ತರಗತಿಯ ಮಾಣಿಗಳು. ಪಾಲಾದಲ್ಲಿ ಆದದ್ದಕ್ಕೂ ಇದಕ್ಕೂ ಎಷ್ಟು ಅಂತರ ಇದೆ ಎಂದು ನೀವೇ ಯೋಚಿಸಿ.

ನಿನ್ನೆ ಸಂಜೆ ಇದನ್ನೇ ಒಬ್ಬ ಹಿರಿಯರ ಹತ್ತಿರ ಹೇಳಿದೆ. ಅವರು, "ತಮಾ, ಐವತ್ತು ವರ್ಷದಿಂದ ಏನೂ ಆಗ್ಲಿಲ್ಲ, ಈಗ ಎಂತ ಆಗ್ತದೆ?" ಎಂದರು. ಪ್ರೀತಿಯಿಂದಲೇ ಹೇಳಿದರು. ನಾನು ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಏನೂ ಆಗದೆ ಇದ್ದದ್ದು ನಾವು ಮಾಡಿದ ಏರ್ಪಾಡಿನಿಂದಲೋ, ದೇವರ ದಯೆಯಿಂದಲೋ? ಏರ್ಪಾಡು ಯಾವುದು ಎಂದು ತೋರಿಸಲು ಬಂದರೆ ಸಂತೋಷ. ತೋರಿಸಲು ಬರದಿದ್ದರೆ ಅದು ದೇವರ ದಯೆ, ಅದಕ್ಕೆ ಕೈ ಮುಗಿಯೋಣ. ಆದರೆ ಮುಂದಿನ ಐವತ್ತು ವರ್ಷದ ಭಾರವನ್ನೂ ಅವನ ಮೇಲೆಯೇ ಹಾಕುವುದು ಸರಿಯಲ್ಲ.

ಈಗ ಪ್ರಸ್ತಾಪಕ್ಕೆ ನನ್ನ ಉತ್ತರ. ರೈಫಲ್ ಬೇಡ ಎನ್ನುವುದಿಲ್ಲ. ಮೊದಲು ಬೇಡ ಎನ್ನುತ್ತೇನೆ. ಮೊದಲು ಬಯಲು ಸರಿಯಾಗಲಿ.

ಎಸೆತದ ಜಾಗಕ್ಕೆ ಸುಣ್ಣದ ಗೆರೆ ಬೇಕು. ಇದಕ್ಕೆ ಯಂತ್ರ ಬೇಡ, ಹಗ್ಗ ಸಾಕು. ಗಣಿತದ ಮಾಸ್ತರು ಇದನ್ನೇ ಒಂದು ಪಾಠ ಮಾಡಬಹುದು. ಜಾವೆಲಿನ್ ಬೀಳುವ ವಲಯದ ಕೋನ ಸುಮಾರು 29 ಡಿಗ್ರಿ. ಅಂದರೆ 40 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 20 ಮೀಟರ್, ದೂರದ ಅರ್ಧದಷ್ಟು ಅಗಲ. ಗುಂಡು ಮತ್ತು ಚಕ್ರಕ್ಕೆ ಕೋನ ಸುಮಾರು 35 ಡಿಗ್ರಿ. ಅಲ್ಲಿ 20 ಮೀಟರ್ ದೂರಕ್ಕೆ 12 ಮೀಟರ್ ಅಗಲ. ಆ ಗೆರೆಯಿಂದ ಆಚೆಗೂ ಸಾಕಷ್ಟು ಜಾಗ ಬಿಟ್ಟು ಸುತ್ತ ಹಗ್ಗ ಕಟ್ಟಬೇಕು. ಕೈ ಜಾರಿದ ಎಸೆತ ಗೆರೆಯನ್ನು ಕೇಳಿಕೊಂಡು ಬೀಳುವುದಿಲ್ಲ. ಚಕ್ರ ಎಸೆತಕ್ಕೆ ಬಲೆಯ ಪಂಜರ ಬೇಕು. ಎರಡು ಎಸೆತಗಳನ್ನು ಒಂದೇ ಹೊತ್ತಿಗೆ ಇಡಬಾರದು. ಕೂಟದ ದಿನ ಒಂದು ಸ್ಪರ್ಧೆ ಕಡಿಮೆಯಾದರೂ ಅಡ್ಡಿಯಿಲ್ಲ.

ಒಬ್ಬರೇ ದೈಹಿಕ ಶಿಕ್ಷಕರು ಎಲ್ಲವನ್ನೂ ನೋಡಲಾರರು. ಪ್ರತಿ ಎಸೆತದ ಜಾಗಕ್ಕೆ ಒಬ್ಬ ದೊಡ್ಡವರು, ಅವರ ಕೈಯಲ್ಲಿ ಒಂದು ಸೀಟಿ ಮತ್ತು ಕೆಂಪು, ಬಿಳಿ ಬಾವುಟ ಇರಲಿ. ಬಿದ್ದದ್ದನ್ನು ಹೆಕ್ಕುವವರು ಮರಳಿ ಬಂದ ಮೇಲೆಯೇ ಬಿಳಿ ಬಾವುಟ. ಹೆಕ್ಕಿದ್ದನ್ನು ನಡೆದುಕೊಂಡು ತರಬೇಕು, ತಿರುಗಿ ಎಸೆಯಬಾರದು. ಹಳೆಯ ವಿದ್ಯಾರ್ಥಿಗಳಾದ ನಾವು ವರ್ಷಕ್ಕೆ ಒಂದು ದಿನ ಬಂದು ಆ ಕೆಲಸ ಮಾಡಬಹುದು. ಬಯಲನ್ನು ದಾಟುವ ದಾರಿಯನ್ನು ಬೇಲಿಯ ಪಕ್ಕಕ್ಕೆ ಸರಿಸಲು ಪಂಚಾಯಿತಿಯವರು, ಕೇರಿಯವರು, ಶಾಲೆಯವರು ಒಟ್ಟಿಗೆ ಕೂರಬೇಕು. ದಾರಿ ಮುಚ್ಚಿ ಎಂದು ನಾನು ಹೇಳುವುದಿಲ್ಲ, ಅದು ಜನರ ದಾರಿ. ಐವತ್ತು ಹೆಜ್ಜೆ ಸುತ್ತಾದರೂ ಸಾಗುವಂತಿರಲಿ.

ಕೊನೆಗೆ ಶಾಲೆಯಲ್ಲಿ ಒಂದು ನೋಟ್‌ಬುಕ್ ಇಡಿ. ಸ್ವಲ್ಪದರಲ್ಲಿ ತಪ್ಪಿತು ಎಂದು ನಾವು ನಿಟ್ಟುಸಿರು ಬಿಟ್ಟು ಮರೆಯುವ ಸಂಗತಿಗಳನ್ನು ಅದರಲ್ಲಿ ಬರೆಯಲಿ. ಯಾರ ಹೆಸರೂ ಬೇಡ, ಎಲ್ಲಿ, ಯಾವಾಗ, ಹೇಗೆ ಎಂದಷ್ಟೇ. ತಿಂಗಳಿಗೊಮ್ಮೆ ಓದಿ. ಅಪಾಯ ಬರುವ ಮೊದಲು ನಾಲ್ಕು ಸಲ ಬಾಗಿಲು ತಟ್ಟಿರುತ್ತದೆ.

ಇಷ್ಟನ್ನು ಒಂದು ವರ್ಷ ಬಿಡದೆ ನಡೆಸಿಕೊಂಡು ಬಂದರೆ ಈ ಶಾಲೆಗೆ ರೇಂಜ್ ನಡೆಸುವ ಯೋಗ್ಯತೆ ಇದೆ ಎಂದು ನಾನು ಒಪ್ಪುತ್ತೇನೆ. ಆಗ ಇಲಾಖೆಯ ಒಪ್ಪಿಗೆ, ಪೊಲೀಸರಿಗೆ ತಿಳಿಸುವುದು, ಪಾಲಕರ ಸಹಿ, ತರಬೇತಿ ಪಡೆದ ಕೋಚ್ ಇವೆಲ್ಲ ಆದ ಮೇಲೆ ಸಭಾಭವನದ ಕೆಲಸ ಶುರುವಾಗಲಿ. ಬಾಗಿಲು ಗೆರೆಯ ಹಿಂದೆ ಮಾತ್ರ ಇರಬೇಕು. ಮುಂದಿನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಬೇಕು. ಗುಂಡು ಪುಟಿದು ಬರದಂತೆ ಹಿಡಿದಿಡುವ ಕಬ್ಬಿಣದ ಪೆಟ್ಟಿಗೆ ಗುರಿಯ ಹಿಂದೆ ಇರಬೇಕು. ರೈಫಲ್ ಕಪಾಟಿಗೆ ಎರಡು ಬೀಗ, ಎರಡು ಬೀಗದ ಕೈ ಇಬ್ಬರ ಹತ್ತಿರ ಇರಬೇಕು. ಸಿಲಿಂಡರಿನ ಮೇಲೆ ಬರೆದ ಅವಧಿ ಮುಗಿದ ದಿನವೇ ಅದು ಹೊರಗೆ. ಗುಂಡು ಸೀಸದ್ದು, ಸೀಸ ವಿಷ. ಆದ್ದರಿಂದ ಕೈ ತೊಳೆಯಲು ಅಲ್ಲೇ ಒಂದು ನಲ್ಲಿ ಮತ್ತು ಸಾಬೂನು ಇರಲಿ, ಕೈ ತೊಳೆಯದೆ ಮಕ್ಕಳು ಬುತ್ತಿ ಬಿಚ್ಚಬಾರದು.

ದಾನ ಕೊಡಲು ಮುಂದೆ ಬಂದ ಸ್ನೇಹಿತರಿಗೆ ಇದರಿಂದ ಸ್ವಲ್ಪ ಬೇಸರ ಆಗಬಹುದು. ರೈಫಲಿನ ಕಪಾಟಿನ ಮೇಲೆ ದಾನಿಗಳ ಹೆಸರು ಬರೆಸಬಹುದು, ಸುಣ್ಣದ ಗೆರೆಯ ಮೇಲೆ ಬರೆಸಲು ಬರುವುದಿಲ್ಲ. ಮೊದಲ ಮಳೆಗೆ ತೊಳೆದು ಹೋಗುತ್ತದೆ. ಪ್ರತಿ ವರ್ಷ ಹೊಸದಾಗಿ ಎಳೆಯಬೇಕು. ಆದರೆ ಐವತ್ತು ವರ್ಷ ಈ ಶಾಲೆ ನಿಂತದ್ದೂ ಹಾಗೆಯೇ. ಪ್ರತಿ ಜೂನ್ ತಿಂಗಳಲ್ಲಿ ಹೊಸ ಮಕ್ಕಳಿಗೆ ಅದೇ ಅಕ್ಷರ, ಅದೇ ಲೆಕ್ಕ ಮತ್ತೆ ಮೊದಲಿನಿಂದ ಹೇಳಿಕೊಟ್ಟ ಗುರುಗಳಿಂದ. ಅವರ ಹೆಸರೂ ಯಾವ ಕಪಾಟಿನ ಮೇಲೂ ಇಲ್ಲ.

ಸುಣ್ಣ, ಹಗ್ಗ, ಬಾವುಟ ಮತ್ತು ಚಕ್ರ ಎಸೆತದ ಬಲೆಯ ಖರ್ಚನ್ನು ನಮ್ಮ ಬ್ಯಾಚಿನ ಸ್ನೇಹಿತರು ವಹಿಸಿಕೊಳ್ಳುತ್ತೇವೆ ಎಂದು ನಿನ್ನೆ ರಾತ್ರಿ ಮಾತಾಡಿಕೊಂಡಿದ್ದೇವೆ. ಮುಂದಿನ ಕ್ರೀಡಾಕೂಟಕ್ಕೆ ಬಾವುಟ ಹಿಡಿದು ನಿಲ್ಲಲು ಐದು ಜನ ಬರುತ್ತೇವೆ. ಆ ದಿನ ಗೆರೆ ಎಳೆಯುವ ಕೆಲಸ ಮಕ್ಕಳದ್ದು. ಯಾರಾದರೂ ದಾಟಿದ್ದು ಕಂಡರೆ ನಿಲ್ಲಿಸಿ ಎಂದು ಕೂಗುವ ಕೆಲಸವೂ ನಿಮ್ಮದೇ. ನಾವು ಬೈಯುವುದಿಲ್ಲ.